ಫೋನಿಲ್ಲದ ಮೇಷ್ಟ್ರಿಗೆ ಬರುವ ಫೋನುಗಳು

ಸ್ವಂತದ್ದೊಂದು ಫೋನೂ ಇಲ್ಲದೆ ದಿನವಿಡೀ ಫೋನಿನಲ್ಲೇ ಮಾತನಾಡುವ ಮನುಷ್ಯ ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅವರು ನಮ್ಮ ಶಾಲೆಯ ಹಿಂದಿ ಮೇಷ್ಟ್ರು. ನಂಬಿಕೆ ಬಾರದಿದ್ದರೆ ಒಂದು ದಿನ ರಾಮನಗರಕ್ಕೆ ಬನ್ನಿ. ಮಧ್ಯಾಹ್ನ ಊಟದ ಬೆಲ್ಲು ಹೊಡೆದ ಮೇಲೆ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನೋಡಿ. ಎಡಗಿವಿಗೊಂದು ಬಲಗಿವಿಗೊಂದು ಫೋನು ಒತ್ತಿಕೊಂಡು, ಒಂದಕ್ಕೆ ಕನ್ನಡದಲ್ಲೂ ಇನ್ನೊಂದಕ್ಕೆ ತಾವು ಹಿಂದಿ ಎಂದು ತಿಳಿದುಕೊಂಡಿರುವ ಒಂದು ಭಾಷೆಯಲ್ಲೂ ಉತ್ತರ ಕೊಡುತ್ತಿರುತ್ತಾರೆ. ಎರಡೂ ಫೋನು ಅವರದಲ್ಲ!

ಅವರಿಗೇಕೆ ಫೋನಿಲ್ಲ ಎಂದು ನಾನು ಕೇಳಬಾರದಿತ್ತು. ಕೇಳಿದೆ. "ಹಸೀನ ನಾವು ಸಾಕ್ತೀವಿ, ಕೋಳೀನ ನಾವು ಸಾಕ್ತೀವಿ, ಹುಳನ ನಾವು ಸಾಕ್ತೀವಿ. ಫೋನು ಹಂಗಲ್ಲ ಮೇಡಂ, ಅದು ನಮ್ಮುನ್ನ ಸಾಕ್ತದೆ" ಎಂದರು. ಕೇಳಲು ಚೆನ್ನಾಗಿದೆ, ಅಲ್ಲವೇ? ಆದರೆ ಅವರು ಸಾಕದ ಫೋನಿನ ಕಷ್ಟವನ್ನೆಲ್ಲ ಪಕ್ಕದ ಮೇಜಿನ ಗಣಿತದ ಮೇಡಂ, ಅಂದರೆ ನಾನು, ಸಾಕಬೇಕಾಗಿದೆ. ಎಲ್ಲೆಲ್ಲಿ ಅವರ ಮೊಬೈಲ್ ನಂಬರು ಬರೆಯಬೇಕೋ ಅಲ್ಲೆಲ್ಲ ಅವರು ನನ್ನದನ್ನು ಬರೆದಿದ್ದಾರೆ. ಅವರ ಒಟಿಪಿಗಳು ನನಗೆ ಬರುತ್ತವೆ. ಅವರ ಹುಟ್ಟುಹಬ್ಬಕ್ಕೆ ಅವರ ಬ್ಯಾಂಕು ನನಗೆ ಶುಭಾಶಯ ಹೇಳುತ್ತದೆ. ಮೊಣಕಾಲು ನೋವಿನ ಎಣ್ಣೆ ಮಾರುವವರು ನನ್ನನ್ನು "ಸರ್" ಎಂದು ಕರೆದು ನೋವು ಎಡಗಾಲಿಗೋ ಬಲಗಾಲಿಗೋ ಎಂದು ವಿಚಾರಿಸುತ್ತಾರೆ. ಅವರ ಹೆಂಡತಿಯಂತೂ ದಿನ ಬಿಟ್ಟು ದಿನ ಕರೆ ಮಾಡಿ, "ಮೇಡಮ್ಮಾ, ನಮ್ಮೆಜಮಾನ್ರಿಗೆ ಒಸಿ ಯೋಳಿ, ಬರ್ವಾಗ ಕರಿಬೇವು ತರಾಕೆ" ಎನ್ನುತ್ತಾರೆ. ಮೇಷ್ಟ್ರು ಮರೆತು ಹೋಗುತ್ತಾರೆ. ಆ ಮನೆಯ ಸಾರಿಗೆ ಒಗ್ಗರಣೆ ಹೇಗಾಯಿತೋ ಎಂಬ ಚಿಂತೆ ಮಾತ್ರ ನನ್ನ ಜೊತೆ ನನ್ನ ಮನೆಗೆ ಬರುತ್ತದೆ.

ಅವರ ಹಿಂದಿಯ ಬಗ್ಗೆಯೂ ಒಂದು ಮಾತು ಹೇಳಿಬಿಡಬೇಕು. ಅವರು ಮಾಗಡಿ ತಾಲ್ಲೂಕಿನ ಕಲ್ಯದ ಆಚೆಯ ಒಂದು ಹಳ್ಳಿಯವರು. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳ. ಹಿಂದಿಯನ್ನು ಪುಸ್ತಕದಿಂದ ಕಲಿತು, ಪುಸ್ತಕಕ್ಕೇ ಕಲಿಸುತ್ತಾರೆ. ಆದರೆ ವಿಧಿ ಅವರನ್ನು ತಂದು ಹಾಕಿದ್ದು ಎಲ್ಲಿಗೆ? ಅರ್ಧ ತರಗತಿಯೇ ರೇಷ್ಮೆ ಗೂಡಿನಿಂದ ನೂಲು ತೆಗೆಯುವವರ ಮನೆಯ ಮಕ್ಕಳಿರುವ ಶಾಲೆಗೆ! ಆ ಮಕ್ಕಳು ಮನೆಯಲ್ಲಿ ಉರ್ದು ಮಾತನಾಡುತ್ತವೆ, ಶಾಲೆಗೆ ಬಂದು ಇವರ ಹಿಂದಿ ಕೇಳಿ ಕಕ್ಕಾಬಿಕ್ಕಿಯಾಗುತ್ತವೆ. ಒಮ್ಮೆ ಒಬ್ಬ ಹುಡುಗ ಬಹಳ ಮರ್ಯಾದೆಯಿಂದ ಎದ್ದು ನಿಂತು, "ಸಾರ್, 'ಲಡ್ಕೀ ಜಾತಾ ಹೈ' ಅಲ್ಲ ಸಾರ್, 'ಜಾತೀ ಹೈ'" ಎಂದ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ಕೂತ್ಕಳ್ಲಾ. ಹುಡ್ಗಿ ಹೊರಟ್ಲಲ್ಲ, ಅದು ಮುಖ್ಯ. ತಾ ಅಂತ ಹೋದ್ಲೋ ತೀ ಅಂತ ಹೋದ್ಲೋ, ನಿಂಗ್ಯಾಕೆ?" ಎಂದರು.

ಇಂಥವರ ಕೈಗೆ ಮಕ್ಕಳ ಫೋನಿನ ಉಸ್ತುವಾರಿ ಹೋದದ್ದು ಹೇಗೆ ಎಂದು ಹೇಳುತ್ತೇನೆ. ಒಂದು ಭಾನುವಾರ ನಮ್ಮ ಹೆಡ್‌ಮಾಸ್ಟರು ಸ್ಟಾಫ್ ಗ್ರೂಪಿನಲ್ಲಿ ಒಂದು ಸಂದೇಶ ಹಾಕಿದರು: "ನಾಳೆಯಿಂದ ಯಾವ ವಿದ್ಯಾರ್ಥಿಯೂ ಶಾಲೆಗೆ ಮೊಬೈಲ್ ತರುವಂತಿಲ್ಲ. ಸಿಕ್ಕಿದರೆ ವಶಪಡಿಸಿಕೊಂಡು ಪೋಷಕರನ್ನು ಕರೆಸಲಾಗುವುದು. ಇದನ್ನು ಎಲ್ಲ ವಿದ್ಯಾರ್ಥಿಗಳ ಮೊಬೈಲಿಗೆ ಫಾರ್ವರ್ಡ್ ಮಾಡಿ." ನಾವು ಮಾಡಿದೆವು. ಮಕ್ಕಳು ಹೆಬ್ಬೆರಳು ಎತ್ತಿದ ಚಿಹ್ನೆ ಕಳಿಸಿ, ಸೋಮವಾರ ಫೋನು ತೆಗೆದುಕೊಂಡೇ ಬಂದರು. ಅವರದೂ ತಪ್ಪೆನ್ನಲಾರೆ. ಹೋಂವರ್ಕ್ ಫೋನಿಗೆ, ಪರೀಕ್ಷೆಯ ವೇಳಾಪಟ್ಟಿ ಫೋನಿಗೆ, ರಜೆ ಇದೆಯೋ ಇಲ್ಲವೋ ಎಂಬುದೂ ಫೋನಿಗೆ. ಅಪ್ಪ ಬಿಡದಿಯಲ್ಲಿ ಶಿಫ್ಟು, ಅಮ್ಮ ಹಾರೋಹಳ್ಳಿಯಲ್ಲಿ ಶಿಫ್ಟು. ಮಗು ಮನೆ ಸೇರಿತೋ ಇಲ್ಲವೋ ತಿಳಿಯಲು ಅವರಿಗೂ ಬೇರೆ ದಾರಿ ಇಲ್ಲ.

ಮೀಟಿಂಗಿನಲ್ಲಿ ಹೆಡ್‌ಮಾಸ್ಟರು, "ಈ ಜವಾಬ್ದಾರಿ ಯಾರು ತಗೋತೀರಿ?" ಎಂದು ಕೇಳಿದರು. ಯಾರೂ ಕೈ ಎತ್ತಲಿಲ್ಲ. ಎತ್ತುವಷ್ಟು ತ್ರಾಣ ನಮ್ಮ ಕೈಗಳಲ್ಲಿ ಇರಲಿಲ್ಲ. ಪಾಠ ಮಾಡಬೇಕು, ಹಾಜರಿ ಏರಿಸಬೇಕು, ಮೊಟ್ಟೆ ತಿನ್ನುವ ಮಗುವಿನ ಫೋಟೋ ಏರಿಸಬೇಕು, ಮೊಟ್ಟೆ ತಿನ್ನದೆ ಬಾಳೆಹಣ್ಣು ತಿನ್ನುವ ಮಗುವಿನ ಫೋಟೋ ಬೇರೆ ಏರಿಸಬೇಕು. ನಡುವೆ ನೆಟ್‌ವರ್ಕ್ ಹೋದರೆ ಆ ಮಗುವಿಗೆ ಇನ್ನೊಂದು ಬಾಳೆಹಣ್ಣು ತಿನ್ನಿಸಬೇಕು!

ಸುಮ್ಮನಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ತಮಾಷೆಯಾಗಿ ಹೇಳಲು ಬರುವುದಿಲ್ಲ. ನಮ್ಮ ಕಡೆ ಹುಡುಗನ ಜೇಬಿನಲ್ಲಿ ಫೋನು ಸಿಕ್ಕರೆ ಅಪ್ಪ ಬಂದು ಒಂದೇಟು ಹಾಕಿ ಫೋನು ವಾಪಸು ಕೊಡುತ್ತಾನೆ. ಹುಡುಗಿಯ ಬ್ಯಾಗಿನಲ್ಲಿ ಸಿಕ್ಕರೆ ಮನೆಗೆ ಗಂಡು ಬರುತ್ತದೆ. ನಾಲ್ಕು ವರ್ಷದ ಹಿಂದೆ ಹತ್ತನೇ ತರಗತಿಯಲ್ಲಿ ಒಬ್ಬಳು ಚುರುಕು ಹುಡುಗಿ ಇದ್ದಳು. ಯಾರದೋ ಹಳೆಯ ಫೋನೊಂದು ಅವಳ ಬ್ಯಾಗಿನಲ್ಲಿ ಅಪ್ಪನ ಕಣ್ಣಿಗೆ ಬಿತ್ತು. ಮಾರನೆಯ ದಿನದಿಂದ ಅವಳು ಬರಲಿಲ್ಲ. ನಾವು ಮನೆಗೆ ಹೋಗಿ ಕೇಳಿಕೊಂಡೆವು. ಆ ಅಪ್ಪ ಕಾಫಿ ಕೊಟ್ಟರು, ಮಗಳನ್ನು ಕೊಡಲಿಲ್ಲ. ಹದಿನೆಂಟು ತುಂಬುವುದನ್ನೇ ಕಾದಿದ್ದು ಕನಕಪುರದ ಕಡೆಗೆ ಮದುವೆ ಮಾಡಿ ಕಳಿಸಿದರು. ಅವಳ ತಂಗಿ ಈಗ ನಮ್ಮಲ್ಲಿ ಅದೇ ಹತ್ತನೇ ತರಗತಿಯಲ್ಲಿದ್ದಾಳೆ. ಅವಳ ಬ್ಯಾಗು ಕಂಡಾಗಲೆಲ್ಲ ನನಗೆ ಭಯವಾಗುತ್ತಿತ್ತು.

ಇರಲಿ. ಆ ಮೌನದಲ್ಲಿ ನಮ್ಮ ಹಿಂದಿ ಮೇಷ್ಟ್ರು ಎದ್ದು ನಿಂತು, "ಅದುನ್ನ ನಂಗೆ ಬುಡಿ ಸಾರ್. ಮನೇಲಿ ಅಷ್ಟೊಂದು ಹುಳ ಸಾಕಿವ್ನಿ, ಈ ಮಕ್ಳು ಯಾವ ಲೆಕ್ಕ?" ಎಂದರು. ಹೆಡ್‌ಮಾಸ್ಟರು ಹುಳಕ್ಕೂ ಮಕ್ಕಳಿಗೂ ಏನು ಸಂಬಂಧ ಎಂದು ಕೇಳುವ ಗೋಜಿಗೆ ಹೋಗದೆ ಮೀಟಿಂಗು ಮುಗಿಸಿದರು.

ಮಾರನೆಯ ದಿನ ಮೇಷ್ಟ್ರು ಬಸ್ಸಿನ ತಲೆಯ ಮೇಲೆ ಹಾಕಿಸಿಕೊಂಡು ಬಂದದ್ದು ಒಂದು ಚಂದ್ರಿಕೆಯನ್ನು! ಕಂಡಿರದವರಿಗೆ ಹೇಳುತ್ತೇನೆ: ಹಣ್ಣಾದ ರೇಷ್ಮೆ ಹುಳವನ್ನು ಗೂಡು ಕಟ್ಟಲಿ ಎಂದು ಬಿಡುವ ಬಿದಿರಿನ ದೊಡ್ಡ ತಟ್ಟಿ ಅದು. ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿಯಾಗಿ ಸುತ್ತಿರುತ್ತಾರೆ. ಆ ಸುರುಳಿಯ ಸಂದಿನಲ್ಲಿ ಒಂದೊಂದು ಹುಳವೂ ತನ್ನ ಪಾಡಿಗೆ ತಾನು ಗೂಡು ಕಟ್ಟಿಕೊಳ್ಳುತ್ತದೆ. ಮೇಷ್ಟ್ರು ಅದನ್ನು ತಂದು ನನ್ನ ಕುರ್ಚಿಯ ಹಿಂದಿನ ಗೋಡೆಗೆ ಒರಗಿಸಿದರು. ಸಂಜೆಯ ಹೊತ್ತಿಗೆ ಸಂದಿಗೊಂದರಂತೆ ಫೋನುಗಳು ಕೂತಿದ್ದವು. ಎಲ್ಲವೂ ಸೈಲೆಂಟಿನಲ್ಲಿ, ಎಲ್ಲವೂ ನಡುಗುತ್ತ! ಬೆನ್ನ ಹಿಂದೆ ಸದಾ ಗುಂಯ್ ಎನ್ನುವ ಸದ್ದಿಟ್ಟುಕೊಂಡು ಉತ್ತರ ಪತ್ರಿಕೆ ತಿದ್ದುವ ಸುಖ ನಿಮಗೆ ಗೊತ್ತೇ? ದೂರು ಹೇಳಿದರೆ, "ಹುಳ ಸೊಪ್ಪು ತಿನ್ನೋ ಸದ್ದು ಬಂದಂಗಾಯ್ತದೆ ಮೇಡಂ. ಮನೇಲೇ ಇದ್ದಂಗೈತೆ" ಎಂದು ಕಣ್ಣು ಮುಚ್ಚಿಕೊಂಡರು.

ಫೋನು ಹಿಡಿಯುವುದರಲ್ಲಿ ಅವರದೊಂದು ಶಾಸ್ತ್ರವಿತ್ತು. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆಯಂತೆ. ಜ್ವರ ಎಂದರೆ ನಮ್ಮ ನಿಮ್ಮ ಜ್ವರವಲ್ಲ. ಹಳೆಯ ಪೊರೆ ಬಿಡುವ ಮುಂಚೆ ಹುಳ ಸೊಪ್ಪು ಮುಟ್ಟದೆ, ಅಲ್ಲಾಡದೆ, ಇದ್ದಲ್ಲೇ ಕೂತುಬಿಡುವುದಕ್ಕೆ ಹುಳ ಸಾಕುವವರು ಇಟ್ಟ ಹೆಸರು. "ಫೋನು ಹಿಡ್ದ ಹುಡುಗ್ರೂ ಅಂಗೇಯ. ಊಟ ಬೇಕಿಲ್ಲ, ಆಟ ಬೇಕಿಲ್ಲ, ಕೂತ ಕಡೆ ಕೂತವ್ರೆ. ವೆತ್ಯಾಸ ಒಂದೇಯ: ಹುಳ ಜ್ವರಕ್ಕೆ ಕೂತ್ರೆ ತಲೆ ಎತ್ಕಂಡಿರ್ತದೆ, ಇವು ತಲೆ ಬಗ್ಗುಸ್ತವೆ!" ಎಂದು ವಿವರಿಸಿದರು. ತರಗತಿಯ ಕಿಟಕಿಯಲ್ಲಿ ಇಣುಕಿ, "ಮೂರ್ನೇ ಬೆಂಚು, ಒಂದು ಜ್ವರಕ್ಕೆ ಕೂತೈತೆ" ಎಂದು ಕೂಗಿದರೆ ಗುರಿ ತಪ್ಪುತ್ತಿರಲಿಲ್ಲ.

ತಪ್ಪುತ್ತಿರಲಿಲ್ಲ ಎಂದೆನೇ? ಒಮ್ಮೆ ತಪ್ಪಿತು. ಕೊನೆಯ ಬೆಂಚಿನಲ್ಲಿ ತಲೆ ಬಗ್ಗಿಸಿ ಕೂತಿದ್ದ ಒಬ್ಬ ಎಳೆಯ ಹುಡುಗನ ಕಿವಿ ಹಿಡಿದು ಎಬ್ಬಿಸಿ, ಫೋನು ಕಿತ್ತುಕೊಂಡು, "ಯೂನಿಫಾರಂ ಎಲ್ಲೋ?" ಎಂದು ಗದರಿಸಿ ಹೊರಗೆ ನಿಲ್ಲಿಸಿದರು. ಅವನು ಪಾಠ ನೋಡಲು ಬಂದು ಕೂತಿದ್ದ ಬಿ.ಎಡ್. ಓದುವ ಶಿಕ್ಷಕ! ಪಾಪ, ಪೀರಿಯಡ್ಡು ಮುಗಿಯುವವರೆಗೂ ಹೊರಗೇ ನಿಂತಿದ್ದ. ನಾನು ಹೋಗಿ ಕೇಳಿದರೆ, "ಇದೂ ಟ್ರೈನಿಂಗೇ ಅಂದ್ಕೊಂಡೆ ಮೇಡಂ" ಎಂದ.

ಹಿಡಿಯುವುದು ಹಾಗಿರಲಿ, ಇಟ್ಟುಕೊಳ್ಳುವುದರಲ್ಲೇ ಇದ್ದದ್ದು ಗ್ರಹಚಾರ. ಫೋನು ನಡುಗಿದರೆ ಅದರ ಪಾಡಿಗೆ ಬಿಡಬೇಕು ತಾನೇ? ಮೇಷ್ಟ್ರಿಗೆ ಅದು ಮಹಾ ಅಮರ್ಯಾದೆ. "ಮನೆ ಬಾಗ್ಲಿಗೆ ಬಂದು ಕರ್ದೋರ್ಗೆ ಓಗೊಡ್ದೆ ಇರಾದ?" ಎಂದು ಎಲ್ಲರ ಫೋನನ್ನೂ ಎತ್ತತೊಡಗಿದರು. ಹಾರೋಹಳ್ಳಿಯ ಫ್ಯಾಕ್ಟರಿಯಿಂದ ಊಟದ ಬಿಡುವಿನಲ್ಲಿ ಕರೆ ಮಾಡುವ ತಾಯಂದಿರಿಗೆ, "ನಿನ್ ಮಗ ಅನ್ನ ಬುಟ್ಟು ಬರೀ ಮೊಟ್ಟೆ ತಿಂದವ್ನೆ ಕಣವ್ವ, ಸಂಜೆ ಮುದ್ದೆ ಹಾಕು" ಎಂದು ವರದಿ ಒಪ್ಪಿಸುತ್ತಿದ್ದರು. ಒಮ್ಮೆ ಯಾರೋ ಹುಡುಗ ಗೇಮಿನ ನಡುವೆ ಕರೆ ಮಾಡಿ, "ಮಗಾ, ಎಡಗಡೆ ಬಾರೋ, ಹೊಡೀತಾವ್ರೆ!" ಎಂದು ಅರಚಿದ. ಮೇಷ್ಟ್ರು ಗಾಬರಿಯಿಂದ ಎದ್ದು ನಿಂತು, "ಯಾರ್ಲಾ ಹೊಡೀತಿರಾದು? ಎಲ್ಲಿದ್ದೀಯ ಯೋಳು, ಬತ್ತೀನಿ!" ಎಂದು ಚಪ್ಪಲಿ ಮೆಟ್ಟಿಕೊಂಡರು. ಅವರನ್ನು ಕೂರಿಸಿ, ಅದು ಆಟ ಎಂದು ತಿಳಿಹೇಳುವಷ್ಟರಲ್ಲಿ ನನ್ನ ಊಟ ಆರಿತ್ತು.

ಸಂಜೆ ಬೆಲ್ಲು ಹೊಡೆದ ಕೂಡಲೇ ಫೋನುಗಳನ್ನೆಲ್ಲ ವಾಪಸು ಕೊಟ್ಟುಬಿಡುತ್ತಿದ್ದರು. ಪೋಷಕರನ್ನು ಕರೆಸಬೇಕು ಎಂಬ ನಿಯಮ ಏನಾಯಿತು? "ಫೋನಲ್ಲೇ ಮಾತಾಡಿವ್ನಲ್ಲ, ಇನ್ಯಾಕೆ ಬರಾದು? ಒಂದಿನದ ಕೂಲಿ ಕಳ್ಕಂಡು?" ಎಂಬುದು ಅವರ ವಾದ. ಹೆಡ್‌ಮಾಸ್ಟರಿಗೂ ಇದು ಗೊತ್ತಿತ್ತು. ಅವರೂ ನಮ್ಮಷ್ಟೇ ದಣಿದವರು. ಕಂಡೂ ಕಾಣದಂತಿದ್ದರು, ಆ ಬುಖಾರಿನ ದಿನದವರೆಗೆ.

ಅಂದು ಒಬ್ಬ ನೂಲು ತೆಗೆಯುವವರ ಮನೆಯ ಹುಡುಗನ ಫೋನು ಚಂದ್ರಿಕೆಗೆ ಏರಿತ್ತು. ಅವನ ತಾಯಿ ಕರೆ ಮಾಡಿದರು. ಮೇಷ್ಟ್ರು ಎತ್ತಿದರು. ಹುಡುಗ ಫೋನಿನ ಚಟಕ್ಕೆ ಬಿದ್ದು ತಲೆ ಎತ್ತುತ್ತಿಲ್ಲ, ಊಟವನ್ನೂ ಬಿಟ್ಟು ಜ್ವರಕ್ಕೆ ಕೂತಿದ್ದಾನೆ ಎಂದು ಹೇಳುವುದು ಅವರ ಉದ್ದೇಶ. ಸುಮ್ಮನೆ ಕನ್ನಡದಲ್ಲಿ ಹೇಳಬಾರದೇ? ಆ ತಾಯಿಗೆ ಕನ್ನಡ ನನಗಿಂತ ಚೆನ್ನಾಗಿ ಬರುತ್ತದೆ! ಆದರೆ ಹಿಂದಿ ಮೇಷ್ಟ್ರ ಅಭಿಮಾನ ಬಿಡಬೇಕಲ್ಲ. "ಹಮ್ ಹಿಂದಿ ಮಾಸ್ಟರ್ ಬೋಲ್ತಾ ಹೈ. ಆಪ್ ಕಾ ಲಡ್ಕಾ ಬುಖಾರ್ ಮೇ ಬೈಠಾ ಹೈ. ಸಿರ್ ನಹೀ ಉಠಾತಾ. ಖಾನಾ ಭೀ ಛೋಡ್ ದಿಯಾ" ಎಂದು, ತಮ್ಮ ಜೀವಮಾನದಲ್ಲೇ ಮೊದಲ ಬಾರಿಗೆ ವ್ಯಾಕರಣದೋಷ ಕಡಿಮೆಯಿರುವ ನಾಲ್ಕು ವಾಕ್ಯ ಆಡಿ, ಹೆಮ್ಮೆಯಿಂದ ಫೋನು ಇಟ್ಟರು. ಹುಳದ ಜ್ವರ ಹಿಂದಿಗೆ ಹೋಗುವ ದಾರಿಯಲ್ಲಿ ಬುಖಾರ್ ಎಂಬ ಮನುಷ್ಯರ ಜ್ವರವಾಗಿತ್ತು!

ಸ್ವಲ್ಪ ಹೊತ್ತಿಗೆ ಗೇಟಿನ ಮುಂದೆ ಆಟೋ ನಿಂತಿತು. ಅದರಿಂದ ತಾಯಿ, ಅಜ್ಜಿ, ನೂಲು ತೆಗೆಯುವ ಬಿಸಿನೀರಲ್ಲಿ ಅದ್ದಿದ ಕೈ ಒರೆಸಿಕೊಳ್ಳುತ್ತಲೇ ಬಂದ ಚಿಕ್ಕಪ್ಪ, ಒಂದು ಕಂಬಳಿ, ಒಂದು ಫ್ಲಾಸ್ಕು ಇಳಿದವು. ಆ ರೋಗಿ ಅಷ್ಟರಲ್ಲಿ ಮೈದಾನದಲ್ಲಿ ಬ್ಯಾಟು ಹಿಡಿದು ಎರಡನೇ ರನ್ನಿಗೆ ಓಡುತ್ತಿದ್ದ. "ಯಾ ಅಲ್ಲಾ, ಜ್ವರ ತಲೆಗೆ ಏರಿ ಓಡ್ತಾ ಇದಾನೆ, ಹಿಡೀರಿ!" ಎಂದು ಅಜ್ಜಿ ಕೂಗಿದರು. ಚಿಕ್ಕಪ್ಪ ಓಡಿದರು. ಕಂಬಳಿ ಹಿಡಿದು ಬರುವವರನ್ನು ಕಂಡು ಹುಡುಗ ಇನ್ನೂ ಜೋರಾಗಿ ಓಡಿದ. ಅವತ್ತಿನ ಆಟದಲ್ಲಿ ಅವನು ಎಷ್ಟು ರನ್ನು ಮಾಡಿದನೋ ಲೆಕ್ಕ ಇಟ್ಟವರಿಲ್ಲ.

ಎಲ್ಲ ತಿಳಿಯಾದ ಮೇಲೆ ಅಜ್ಜಿ ಸ್ಟಾಫ್ ರೂಮಿನಲ್ಲಿ ಕೂತು, ಫ್ಲಾಸ್ಕಿನ ಚಹಾ ತಾವೇ ಕುಡಿಯುತ್ತ, ಮೇಷ್ಟ್ರನ್ನು ವಿಚಾರಿಸಿಕೊಂಡರು. "ಏನ್ ಮಾಸ್ಟರ್ ಸಾಬ್, ಮನುಷ್ಯರ ಮಕ್ಳಿಗೆ ಹುಳದ ಜ್ವರ ಹೇಳ್ತಾರಾ? ನಮ್ ಮನೆಗೆ ಹುಳ ಗೂಡಾದ್ಮೇಲೆ ಬರೋದು. ಅದಕ್ಕೆ ಹಿಂದೆ ಯಾವಾಗ ಜ್ವರ ಬಂದಿತ್ತು ಅಂತ ನಾವು ಕೇಳ್ತೀವಾ?" ಮೇಷ್ಟ್ರು ತಲೆ ಬಗ್ಗಿಸಿ ಕೂತಿದ್ದರು. ಅಂದಿನಿಂದ ಮಕ್ಕಳು ಅವರಿಗೆ ಬುಖಾರ್ ಸಾರ್ ಎಂದು ಹೆಸರಿಟ್ಟರು.

ಹೆಡ್‌ಮಾಸ್ಟರು ಮಾತ್ರ ನಗಲಿಲ್ಲ. "ಇನ್ನು ಮೇಲೆ ಯಾರ ಫೋನೂ ಎತ್ತಬೇಡಿ. ಸಂಜೆ ಕೊಡೋದೂ ಬೇಡ. ಗಂಡಾಗಲಿ ಹೆಣ್ಣಾಗಲಿ, ಅಪ್ಪ ಬಂದು ನನ್ನೆದುರು ನಿಂತು ಫೋನು ತಗೊಂಡು ಹೋಗಬೇಕು" ಎಂದರು. ಮೇಷ್ಟ್ರು, "ಹೆಣ್ಮಕ್ಳುದೂವಾ ಸಾರ್?" ಎಂದು ಸಣ್ಣ ದನಿಯಲ್ಲಿ ಕೇಳಿದರು. "ಎಲ್ಲಾರದೂ" ಎಂದರು ಹೆಡ್‌ಮಾಸ್ಟರು. ನಿಯಮ ಎಂದ ಮೇಲೆ ಅವರು ಹೇಳಿದ್ದು ಸರಿಯೇ. ನನಗೆ ಮಾತ್ರ ಹತ್ತನೇ ತರಗತಿಯ ಆ ತಂಗಿಯ ಮುಖ ನೆನಪಾಯಿತು.

ನೆನಪಾದದ್ದೇ ತಪ್ಪಾಯಿತೋ ಏನೋ. ಮುಂದಿನ ವಾರವೇ ಒಂದು ಬೆಳಿಗ್ಗೆ ಮೇಷ್ಟ್ರು ಅವಳನ್ನು ಸ್ಟಾಫ್ ರೂಮಿಗೆ ಕರೆತಂದರು. ಅವರ ಕೈಯಲ್ಲಿ ಒಂದು ಫೋನು. ಗುಲಾಬಿ ಬಣ್ಣದ ಹೊದಿಕೆ, ಅದರ ತುಂಬ ಮಿಣಮಿಣ ಪುಡಿ, ಮೇಲೆ ಬೆಕ್ಕಿನ ಎರಡು ಕಿವಿ! ಹುಡುಗಿ ಅಳುತ್ತಿರಲಿಲ್ಲ; ಅಳುವುದಕ್ಕೂ ಹೆದರಿದ್ದಳು. "ಸಾರ್, ನಮ್ಮಪ್ಪಂಗೊಂದು ಯೋಳ್ಬೇಡಿ. ಅಕ್ಕನ್ನ ಬುಡ್ಸಿದಂಗೆ ನನ್ನೂ ಬುಡುಸ್ಬುಡ್ತಾರೆ" ಎಂದಳು. ಮೇಷ್ಟ್ರು ಏನೂ ಹೇಳದೆ ಫೋನನ್ನು ಚಂದ್ರಿಕೆಯ ಸಂದಿಗೆ ಸಿಕ್ಕಿಸಿ ಅವಳನ್ನು ತರಗತಿಗೆ ಕಳಿಸಿದರು. ನಾನು ಏನು ಮಾಡೋಣ ಎಂದು ಕೇಳಿದೆ. "ಗೊತ್ತಿಲ್ಲ ಮೇಡಂ" ಎಂದರು. ಅವರ ಬಾಯಲ್ಲಿ ಹುಳದ ಮಾತಿಲ್ಲದ ಉತ್ತರ ನಾನು ಕೇಳಿದ್ದು ಅದೇ ಮೊದಲು.

ಅಂದೇ ಮಧ್ಯಾಹ್ನ ಅವಳ ಅಪ್ಪ ಬಂದರು. ನಾವು ಯಾರೂ ಕರೆಸಿರಲಿಲ್ಲ. ಬಸ್ ಸ್ಟಾಪಿನಲ್ಲಿ ಮಗಳ ಕೈಯಲ್ಲಿ ಫೋನು ನೋಡಿದೆ ಎಂದು ಊರಿನವರು ಯಾರೋ ಕಿವಿ ಕಚ್ಚಿದ್ದರಂತೆ. ಹೆಡ್‌ಮಾಸ್ಟರು ಅವರನ್ನು ಸ್ಟಾಫ್ ರೂಮಿಗೇ ಕರೆತಂದು ಕೂರಿಸಿದರು. ಕೆಟ್ಟ ಮನುಷ್ಯರಲ್ಲ ಅವರು. ಟವೆಲಿನಲ್ಲಿ ಮುಖ ಒರೆಸಿಕೊಂಡು, "ಊರಲ್ಲಿ ಒಂದೊಂದು ಕತೆ ಕೇಳ್ತಾ ಇದ್ರೆ ಎದೆ ಝಲ್ ಅಂತದೆ ಸಾರ್. ಇವ್ಳತ್ರ ಫೋನಿದ್ರೆ ಯೋಳ್ಬುಡಿ, ಇವತ್ತೇ ಕರ್ಕೊಂಡೋಯ್ತೀನಿ. ಓದಿದ್ದು ಸಾಕು" ಎಂದರು. ಹೆಡ್‌ಮಾಸ್ಟರು ಹುಡುಗಿಯನ್ನು ಕರೆಸಿದರು. ಅವಳು ಬಂದು ಬಾಗಿಲಲ್ಲಿ ನಿಂತಳು.

ಆಗಲೇ, ದೇವರೇ, ಚಂದ್ರಿಕೆಯಲ್ಲಿ ಆ ಗುಲಾಬಿ ಫೋನು ನಡುಗತೊಡಗಿತು! ಬೆಕ್ಕಿನ ಕಿವಿಗಳೂ ನಡುಗಿದವು. ನನ್ನ ಬೆನ್ನ ಹಿಂದೆಯೇ ಇದ್ದುದರಿಂದ ನಾನು ತಿರುಗಿ ನೋಡಿದೆ. ಪರದೆಯ ಮೇಲೆ 'ಅಕ್ಕ' ಎಂದು ಬರುತ್ತಿತ್ತು. ಅಪ್ಪ ಕುರ್ಚಿಯಿಂದ ಎದ್ದು, "ಇದ್ಯಾರ್ದು?" ಎಂದರು. ಹುಡುಗಿ ಬಾ​ಗಿಲ ಚೌಕಟ್ಟು ಹಿಡಿದುಕೊಂಡಳು. ನಮ್ಮ ಹಿಂದಿ ಮೇಷ್ಟ್ರು ನಿಧಾನವಾಗಿ ನಡೆದುಬಂದು, ಫೋನು ತೆಗೆದು, ಹೆಸರು ನೋಡಿ, ಕಿವಿಗಿಟ್ಟುಕೊಂಡರು.

"ಯೋಳಕ್ಕ" ಎಂದರು. "ಹ್ಞೂಂ ಕಣಕ್ಕ, ಉಂಡೆ. ಇಲ್ಲಿ ಜನ ಅವ್ರೆ. ನಾಳಿಕ್ ಮಾಡು." ಫೋನು ಇಟ್ಟು ಅಪ್ಪನ ಕಡೆ ತಿರುಗಿ, "ನಂದೇಯ. ನಮ್ಮಕ್ಕ ಮಾಡಿತ್ತು" ಎಂದರು.

ನಿವೃತ್ತಿಯ ಅಂಚಿನಲ್ಲಿರುವ, ಎದೆಯ ಮೇಲೆ ಬಿಳಿಯ ಕೂದಲಿರುವ, ಊರಿಗೆಲ್ಲ ಫೋನಿನ ಶತ್ರು ಎಂದು ಹೆಸರಾದ ಮನುಷ್ಯ ಬೆಕ್ಕಿನ ಕಿವಿಯ ಗುಲಾಬಿ ಫೋನು ಹಿಡಿದು ನಿಂತಿದ್ದರು!

"ಫೋನೇ ಇಟ್ಕೊಳಲ್ಲ ಅಂತಿದ್ರಲ್ಲ ಸಾರ್?" ಎಂದರು ಹೆಡ್‌ಮಾಸ್ಟರು.

"ಎಷ್ಟು ದಿನ ಅಂತ ಮೇಡಮ್ಮಾರ್ಗೆ ತೊಂದ್ರೆ ಕೊಡ್ಲಿ? ಮೊನ್ನೆ ತಗಂಡೆ. ಸೆಕೆಂಡ್ ಹ್ಯಾಂಡು."

"ಈ ಕಿವಿದಾ?" ಎಂದರು ಅಪ್ಪ.

"ಯಾಕೆ, ಮೇಷ್ಟ್ರು ಬೆಕ್ಕು ಸಾಕ್ಬಾರ್ದಾ?"

ಅಪ್ಪನಿಗೆ ಪೂರ್ತಿ ನಂಬಿಕೆ ಬರಲಿಲ್ಲ. "ಅಂಗಾದ್ರೆ ಒಸಿ ತೆಗ್ದು ತೋರ್ಸಿ ಮೇಷ್ಟ್ರೆ, ನೋಡಾನ" ಎಂದರು. ಮೇಷ್ಟ್ರು ಫೋನನ್ನು ತಿರುಗಿಸಿದರು, ಮಗುಚಿದರು, ಗೋಲಿ ಸೋಡಾದಂತೆ ಹೆಬ್ಬೆರಳಲ್ಲಿ ಒತ್ತಿದರು. ಅದು ಚುಕ್ಕಿಗಳನ್ನು ತೋರಿಸಿ ಗೀಟು ಎಳೆಯಲು ಹೇಳಿತು. ಅವರ ಹಣೆಯಲ್ಲಿ ಬೆವರು ಕಂಡಿತು. ಕೊನೆಗೆ ನನ್ನ ಕಡೆ ತಿರುಗಿದರು. "ನಂಗೆಲ್ಲಿ ಬತ್ತದೆ? ನಮ್ ಮೇಡಮ್ಮೇ ಎಲ್ಲಾ ಮಾಡ್ಕೊಡಾದು" ಎಂದರು.

ಎಲ್ಲರೂ ನನ್ನನ್ನು ನೋಡಿದರು. ಬಾಗಿಲಲ್ಲಿದ್ದ ಹುಡುಗಿಯೂ ನೋಡಿದಳು. ನನ್ನದು ಗಣಿತ, ಒಂದಕ್ಕೊಂದು ಸೇರಿದರೆ ಎರಡು ಎಂದು ಹೇಳಿಕೊಂಡೇ ಬದುಕಿದವಳು. ಆದರೂ ಬೇಸತ್ತ ದನಿಯಲ್ಲಿ (ಅದಕ್ಕೆ ನಟನೆ ಬೇಕಿರಲಿಲ್ಲ!) ಶುರುಮಾಡಿಯೇಬಿಟ್ಟೆ. "ಬೆಳಿಗ್ಗೆಯಿಂದ ತಪ್ಪು ತಪ್ಪು ಗೀಟೆಳೆದು ಲಾಕ್ ಮಾಡಿಕೊಂಡು ಕೂತಿದ್ದಾರೆ. ಇನ್ನು ಅಂಗಡಿಗೇ ಒಯ್ಯಬೇಕು. ಇವರ ಫೋನು, ಇವರ ಒಟಿಪಿ, ಇವರ ಮನೆ ಕರಿಬೇವು, ಎಲ್ಲಾ ನಂದೇ ಹಣೆಬರಹ! ನನಗೆ ಸಾಕಾಗಿ ಹೋಗಿದೆ!"

ಆ ಬೇಸರವನ್ನು ಯಾರಿಂದ ತಾನೇ ನಂಬದಿರಲು ಸಾಧ್ಯ? ಹೆಡ್‌ಮಾಸ್ಟರು ನಕ್ಕರು. ಅಪ್ಪನೂ ನಕ್ಕರು. "ಅಮ್ಮಣ್ಣಿ, ತಪ್ ತಿಳ್ಕಂಡಿದ್ದೆ ಕಣವ್ವ, ಓದ್ಕೊ ಓಗು" ಎಂದು ಮಗಳ ತಲೆ ಮುಟ್ಟಿ ಹೊರಟುಹೋದರು.

ಅವರು ಗೇಟು ದಾಟುವುದನ್ನು ನೋಡಿಕೊಂಡು ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. "ಜ್ವರಕ್ಕೆ ಕೂತ ಹುಳನ ಕದಲುಸ್ಬಾರ್ದು ಮೇಡಂ" ಎಂದರು. "ಸುಮ್ನೆ ಕಾಯ್ಬೇಕು. ಅದುರ್ ಪಾಡ್ಗೆ ಅದು ಪೊರೆ ಬುಟ್ಟು ಏಳ್ತದೆ. ಈ ಮಗೀನ ಅಕ್ಕನ್ನ ಅರ್ಧಕ್ಕೇ ಕದ್ಲುಸ್ಬುಟ್ರು. ಅವತ್ತು ಆ ಮನೇಲಿ ಕಾಫಿ ಕುಡ್ದು ಬಂದ್ನಲ್ಲ, ಇವತ್ಗೂ ಆ ಕಾಫಿ ಇಳ್ದಿಲ್ಲ."

ಫೋನು ಮೇಷ್ಟ್ರ ಹತ್ತಿರವೇ ಉಳಿಯಿತು. ಪರೀಕ್ಷೆ ಮುಗಿಯುವವರೆಗೂ ಇಟ್ಟುಕೊಳ್ಳಿ ಎಂದು ಹುಡುಗಿಯೇ ಹೇಳಿದಳು. ಅದು ಅವಳ ಅಕ್ಕ ಕೊಟ್ಟಿದ್ದಂತೆ. ಅದಕ್ಕೆ ಕರೆ ಮಾಡುವವಳೂ ಅಕ್ಕ ಒಬ್ಬಳೇ. ಈಗ ಮೇಷ್ಟ್ರು ಜೇಬಿನಿಂದ ಬೆಕ್ಕಿನ ಕಿವಿ ಇಣುಕಿಸಿಕೊಂಡು ಓಡಾಡುತ್ತಾರೆ. ಅವರನ್ನು ಕಂಡರೆ ಮಕ್ಕಳ ಜೊತೆ ಬಿ.ಎಡ್. ಹುಡುಗ ಸಹ ಮಿಯಾಂವ್ ಎನ್ನುತ್ತಾನೆ. ಇಷ್ಟು ವರ್ಷ ಕಾಪಾಡಿಕೊಂಡ ಮರ್ಯಾದೆ ಒಂದೇ ದಿನದಲ್ಲಿ ಹೋಯಿತು; ಅವರು ಒಬ್ಬರಿಗೂ ತಿರುಗಿ ಹೇಳಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಕನಕಪುರದ ಕಡೆಯ ಆ ಊರಿನಿಂದ ಕರೆ ಬರುತ್ತದೆ. ಅಕ್ಕ ಕೇಳುವುದು ಒಂದೇ ಮಾತು: "ಸಾರ್, ಅವ್ಳು ಇವತ್ತು ಇಸ್ಕೂಲ್ಗೆ ಬಂದವ್ಳಾ?" ಇವರು ಹೇಳುವುದೂ ಒಂದೇ ಮಾತು: "ಬಂದವ್ಳೆ ಕಣವ್ವ." ಇದನ್ನು ಕೇಳುತ್ತ ಊಟ ಮಾಡುವುದು ನನಗೆ ಕಷ್ಟ.

ಮೊನ್ನೆ ಆ ಮಾತು ಮುಗಿದ ಮೇಲೂ ಫೋನು ಇಡದೆ, ಸ್ವಲ್ಪ ಹೊತ್ತು ಹ್ಞೂಂಗುಟ್ಟಿ, ಮೇಷ್ಟ್ರು ಅದನ್ನು ನನ್ನ ಕಡೆ ಚಾಚಿದರು. "ಒಸಿ ಇಸ್ಕಳಿ ಮೇಡಂ. ತಾನೂ ಹತ್ನೇ ಪರೀಕ್ಷೆ ಕಟ್ಟಿ ಪಾಸ್ ಮಾಡ್ಬೋದಾ ಅಂತಾವ್ಳೆ. ಅದೇನೋ ಲೆಕ್ಕ ಕೇಳ್ತಾವ್ಳೆ."

ನಾನು ತೆಗೆದುಕೊಂಡೆ. ನಾಲ್ಕು ವರ್ಷದ ಮೇಲೆ ಕೇಳಿದ ದನಿ. ಹಿಂದೆಲ್ಲೋ ಮಗು ಅಳುತ್ತಿತ್ತು. "ಎಲ್ಲಿವರೆಗೂ ಆಗಿತ್ತಮ್ಮ ನಿನಗೆ?" ಎಂದು ಕೇಳಿದೆ.

"ತ್ರಿಕೋನಮಿತಿ ಶುರು ಮಾಡಿದ್ರಿ ಮೇಡಂ. ಸೈನ್ ಥೀಟಾ ಹೇಳ್ಕೊಟ್ರಿ. ಕಾಸ್ ಥೀಟಾ ನಾಳೆ ಮಾಡಾಣ ಅಂದ್ರಿ."

ಊಟದ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟೆ.

"ಮಗೂನ ತೊಡೆ ಮೇಲೆ ಹಾಕ್ಕೊ, ಪೆನ್ನು ತಗೊ" ಎಂದೆ. "ಒಂದು ಲಂಬಕೋನ ತ್ರಿಭುಜ ಬರಿ."